ತಾಟಿನ ಎಡಗಡಿ ಚಟ್ನಿ

ಕದ ಮುಂದ ಮಾಡಿ ಕುಂದ್ರವ್ವಾ, ಈ ಮಾತು ಮಂದಿ ಮುಂದ ಆಡಬ್ಯಾಡ. ವಿಜಾಪುರ ರಸ್ತಾದಾಗ ನಮ್ಮ ಬಾಜೂ ಮನಿ ಸಾವಕಾರ್ತಿ ಗಂಗಾಬಾಯಿ ಅಡಗಿ ಮನ್ಯಾಗ ನಾ ಆಗ ರೊಟ್ಟಿ ಬಡೀತಿದ್ದೆ. ಆಕಿಗೆ ಲಕ್ವಾ ಹೊಡದು ಎದ್ದ ಮ್ಯಾಲೆ ತಾಟಿನ ಬಲಕ್ಕಿದ್ದ ಪಲ್ಯ ಉಣತಿದ್ದಳು, ಎಡಕ್ಕ ಸೊಸಿ ಬಡಿಸಿದ ಶೇಂಗಾ ಚಟ್ನಿ ಮುಟ್ಟತಿರಲಿಲ್ಲ. "ಚಟ್ನ್ಯಾಗ ಭಾನಾಮತಿ ಐತಿ, ಅದಕ್ಕ ಅತ್ತಿ ಅಂಜತಾಳ" ಅಂತ ನಾನ ಅಲ್ಲೇ ಕುಂತು ಬಂದವರಿಗೆಲ್ಲ ಹೇಳಿ ಓಣಿ ತುಂಬ ಹಬ್ಬಿಸಿದೆ. ಸೊಸೀನ್ನ ತವರಿಗೆ ಅಟ್ಟೋ ಮಾತು ನಡದಿತ್ತು.

ಅಷ್ಟರಾಗ ದವಾಖಾನಿಯಿಂದ ಕಸರತ್ತು ಕಲಿಸೋ ಬಾಯಿ ಟಾಂಗಾದಾಗ ಬಂದಳು. "ಕಣ್ಣು ಚಲೋ ಅದಾವ್ರಿ. ಲಕ್ವಾ ಹೊಡದು ಮಿದುಳಿಗೆ ಎಡಗಡಿ ಖಬರ ಇಲ್ಲ" ಅಂದು, ತಾಟಿನ ಎಡದಂಚಿಗೆ ಕೆಂಪು ಅರಿವಿ ಚೂರು ಕಟ್ಟಿದಳು. "ಕೆಂಪು ಕಾಣೋತನಕ ಕುತ್ತಿಗಿ ತಿರುಗಿಸ್ರಿ."

ಸೊಸಿ ಬೇಸರಿಲ್ದ ದಿನಾ ಅದನ್ನ ಮಾಡಿಸಿದಳು. ಒಂದಿನ ಗಂಗಾಬಾಯಿ ಯಾರೂ ಹೇಳದೇ ತಾನ ತಿರುಗಿ, ಚಟ್ನಿ ಬಳದು ಉಂಡಳು. "ಇಷ್ಟು ರುಚಿ ಎಲ್ಲಿ ಮುಚ್ಚಿಟ್ಟಿದ್ದಿ ಯವ್ವಾ?" ಅಂದಳು. ಸೊಸಿ ಸೆರಗಿನಿಂದ ಕಣ್ಣು ಒರಸಿಕೊಂಡು ನಕ್ಕಳು. ತವರಿಗೆ ಅಟ್ಟೋ ಮಾತು ಅಲ್ಲಿಗೇ ಮುಗೀತು.

ಗಂಗಾಬಾಯಿ ಕುತ್ತಿಗಿ ಇನ್ನಷ್ಟು ತಿರುಗಿಸಿ, ಎಡಕ್ಕ ಕುಂತಿದ್ದ ನನ್ನನ್ನ ನೋಡಿದಳು.

"ನೀ ಇಲ್ಲೇ ಕುಂತು ಭಾನಾಮತಿ ಅಂತಿದ್ದಿ. ಕಾಣತಿರಲಿಲ್ಲ ಖರೆ ಅಕ್ಕಾ, ಆದರ ಕಿವಿ ಎರಡೂ ಕೇಳತಿದ್ದುವು."