ನನ್ನ ದನಿ ಅಂದುಕೊಂಡು ಅತ್ತೆ ಏಳಲಿಲ್ಲ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಗಂಗತ್ತೆ ಇದನ್ನು ಯಾರಿಂದಲಾದರೂ ಓದಿಸಿಕೊಂಡು ಕೇಳಿ, ಫೋನು ಮಾಡಿ ನನ್ನ ಬಾಯಲ್ಲೇ ಹೇಳಿಸುತ್ತಾಳೆ. 2006ರಲ್ಲಿ ಹಿಂದೂಪುರದ ಕೋರ್ಟಿನಲ್ಲಿ ಹಳೆಯ ತೀರ್ಪೊಂದರ ನಕಲಿಗೆ ಅತ್ತೆ ಹಾಕಿದ್ದ ಅರ್ಜಿ ರದ್ದಾಗಿದ್ದು ಕೋರ್ಟಿನವರಿಂದಲ್ಲ, ಎದುರು ಪಾರ್ಟಿಯಿಂದಲೂ ಅಲ್ಲ. ನನ್ನ ಗಂಟಲಿನಿಂದ.

ಆಗ ನನಗೆ ಇಪ್ಪತ್ತೆರಡು ವರ್ಷ. ನಮ್ಮೂರು ಕುಂದುರ್ಪಿ ಕಡೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದು ಹೊಟ್ಟೆಪಾಡು. ನಿಜವಾದ ಕಸುಬು ಮಿಮಿಕ್ರಿ. ಕಂಡಕ್ಟರು, ಹೆಡ್ ಮಾಸ್ಟರು, ನಮ್ಮಪ್ಪ ಸೀನುವುದು, ಕೊನೆಗೆ ಝೆರಾಕ್ಸ್ ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡ ಸದ್ದು ಕೂಡ ಮಾಡುತ್ತಿದ್ದೆ. ಆ ಸದ್ದಿಗೆ ಓನರು ಊಟದ ಕೈಯಲ್ಲೇ ಓಡಿಬಂದು ಬೈದದ್ದೂ ಉಂಟು. ಎಲ್ಲರ ದನಿಯೂ ಬರುತ್ತಿತ್ತು. ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಗಂಗತ್ತೆ ನಮ್ಮಪ್ಪನ ತಂಗಿ. ಸೋಮಂದೇಪಲ್ಲಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದು. ಮಾವ ತೀರಿಕೊಂಡು ಐದಾರು ವರ್ಷವಾಗಿತ್ತು, ಒಬ್ಬಳೇ ಮಗಳು ಸಾವಿತ್ರಿಗೆ ಮದುವೆಯಾಗಿತ್ತು. ಅತ್ತೆ ಇದ್ದ ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದಳು. ದಿನಕ್ಕೆ ಮೂರು ಸಲ ಸೊಪ್ಪು ಕೊಯ್ದು ತಲೆಯ ಮೇಲೆ ಹೊತ್ತು ತರಬೇಕು. ಹೊಲಕ್ಕೂ ಮನೆಗೂ ನಡುವೆ ಒಂದು ಹಳೆಯ ಬಂಡಿ ದಾರಿ. ಪಕ್ಕದ ಹೊಲದ ತಿಪ್ಪಣ್ಣ ಅದು ತನ್ನ ಜಾಗ ಅಂತ ಅಡ್ಡಲಾಗಿ ಪಾಯ ತೆಗೆಸಿ ಕಲ್ಲು ಇಳಿಸಿದ. ಗೋಡೆ ಎದ್ದರೆ ಅತ್ತೆ ಕೆರೆ ಏರಿ ಸುತ್ತಿ ಬರಬೇಕು. ಸೊಪ್ಪು ದಾರಿಯಲ್ಲೇ ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳ ಮುಟ್ಟುವುದಿಲ್ಲ.

ಈ ದಾರಿಗೆ ಅತ್ತೆಯ ಮಾವನವರು ತಿಪ್ಪಣ್ಣನ ಅಪ್ಪನ ಮೇಲೆ ಕೋರ್ಟಿಗೆ ಹೋಗಿ ಗೆದ್ದಿದ್ದರು. ಆ ತೀರ್ಪಿನ ಕಾಗದ ಟ್ರಂಕಿನಲ್ಲಿತ್ತು. ತೆಗೆದು ನೋಡಿದರೆ ಗೆದ್ದಲು ತಿಂದು ಹಾಕಿತ್ತು. ಊರಿನ ಹಿರಿಯರು ಕೂತು ಹೇಳಿದರು: "ಕೋರ್ಟು ಪೇಪರ್ ತಗಂಬಾಮ್ಮ. ಮುಂದಿನ ಅಮಾಸೆ ತನಕ ಗೋಡೆ ಎತ್ತಬ್ಯಾಡ ಅಂತ ಅವನಿಗೂ ಹೇಳ್ತೀವಿ. ಆಮ್ಯಾಕೆ ನಾವು ಜವಾಬ್ದಾರರಲ್ಲ."

ಅತ್ತೆ ನನಗೆ ಹೇಳಿಕಳಿಸಿದಳು. ನಾನು ಎದೆ ಉಬ್ಬಿಸಿದೆ. ದಿನಾ ನೂರಾರು ನಕಲು ತೆಗೆಯುವವನಿಗೆ ಇದೊಂದು ನಕಲು ಏನು ಲೆಕ್ಕ? ಅತ್ತೆಯನ್ನು ಸೀದಾ ಕಲ್ಯಾಣದುರ್ಗಕ್ಕೆ ಕರೆಸಿಕೊಂಡು, ನಮ್ಮ ಅಂಗಡಿಗೆ ಹತ್ತಿರ ಅಂತ ಅಲ್ಲಿನ ಕೋರ್ಟಿಗೇ ಕರೆದುಕೊಂಡು ಹೋದೆ. ಅಲ್ಲಿದ್ದವರು ಸಮಾಧಾನವಾಗಿ ಕೇಳಿದರು, "ಜಮೀನು ಎಲ್ಲಿ?" ಸೋಮಂದೇಪಲ್ಲಿ ಅಂದೆ. "ಜಮೀನಿರೋ ಕಡೆ ಕೇಸು ನಡೆಯುತ್ತೆ ಕಣಪ್ಪ, ಝೆರಾಕ್ಸ್ ಅಂಗಡಿ ಇರೋ ಕಡೆ ಅಲ್ಲ. ಹಿಂದೂಪುರಕ್ಕೆ ಹೋಗಿ ವಿಚಾರಿಸಿ."

ಅತ್ತೆ ಬಸ್ಸಿನಲ್ಲಿ ಒಂದೇ ಮಾತು ಅಂದಳು: "ಓದಿರೋನು ಅಂತ ನಿನ್ನ ಕರ್ಕಂಡ್ನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!"

ಅಂಗಡಿಗೆ ರಜೆ ಹಾಕಿ ಅತ್ತೆಯ ಮನೆಯಲ್ಲೇ ಉಳಿದೆ. ಹಿಂದೂಪುರದ ಕೋರ್ಟಿನಲ್ಲಿ ನಕಲು ಕೊಡುವ ಕೋಣೆಗೆ ಒಂದೇ ಕಿಟಕಿ. ಒಳಗೆ ಬಡಕಲು ಗುಮಾಸ್ತರೊಬ್ಬರು, ಉರಿ ಬಿಸಿಲಿನಲ್ಲೂ ಅರ್ಧ ತೋಳಿನ ಸ್ವೆಟರು. ಕೇಸ್ ನಂಬರು ಕೇಳಿದರು. ಇರಲಿಲ್ಲ. ಯಾವ ವರ್ಷ ಅಂದರು.

"ನಮ್ಮ ಸಾವಿತ್ರಿ ಹುಟ್ಟಿದ ವರ್ಷ ಸಾಮಿ," ಅಂದಳು ಅತ್ತೆ. "ಕೋರ್ಟಿಂದ ವಕೀಲರು ಬಂದು ದಾರಿ ಅಳೆದ್ರಲ್ಲ, ಆವತ್ತು ನಾನು ಬಾಣಂತಿ. ಕಿಟಕೀಲಿ ನೋಡಿದ್ದೆ."

ನಾನು ನಕ್ಕೆ. ಗುಮಾಸ್ತರು ನಗಲಿಲ್ಲ. "ಸಾವಿತ್ರಿಗೆ ಈಗ ಎಷ್ಟಮ್ಮ?"

"ಮೂವತ್ತೊಂದು ತುಂಬ್ತು."

ಅವರು ಬೆರಳು ಮಡಿಸಿ ಲೆಕ್ಕ ಹಾಕಿ, ಹುಡುಕುವುದಕ್ಕೆ ಒಂದು ಅರ್ಜಿ ಬರೆಸಿಕೊಂಡರು. ನನಗೆ ಭಯ, ಅಷ್ಟು ಹಳೆಯ ಕಡತ ಇದೆಯೋ ಸುಟ್ಟಿದ್ದಾರೋ ಅಂತ. "ಬೇರೆ ಕಾಗದ ಕಾಲಕಾಲಕ್ಕೆ ಸುಡ್ತೀವಿ, ಜಡ್ಜಿಮೆಂಟು ಡಿಕ್ರಿ ಸುಡಲ್ಲ," ಅಂದರು. ಮೂರನೆಯ ದಿನ ನಂಬರು ಸಿಕ್ಕಿತು. ಕೇಸು ಅತ್ತೆಯ ಹೆಸರಿನಲ್ಲಿರಲಿಲ್ಲ, ಅವಳ ಮಾವನವರ ಹೆಸರಿನಲ್ಲಿತ್ತು. ಹಾಗಾಗಿ ಅತ್ತೆ ಅವರ ಸೊಸೆ ಅಂತ ಪ್ರಮಾಣಪತ್ರ ಸೇರಿಸಿ ನಕಲು ಅರ್ಜಿ ಹಾಕಿದೆವು.

ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ನಕಲು ಬರುವುದಿಲ್ಲ. ಕಡತ ತೆಗೆದು, ಎಷ್ಟು ಪುಟ ಅಂತ ನೋಡಿ, ಇಷ್ಟು ಸ್ಟಾಂಪ್ ಪೇಪರ್ ತಂದುಕೊಡಿ ಅಂತ ನೋಟಿಸ್ ಬೋರ್ಡಿಗೆ ಹೆಸರು ಹಾಕುತ್ತಾರೆ. ಮೂರು ದಿನದೊಳಗೆ ಕೊಡದಿದ್ದರೆ ಅರ್ಜಿ ರದ್ದು. ದಿನಾ ಮಧ್ಯಾಹ್ನ ಮೂರಕ್ಕೆ ಗುಮಾಸ್ತರು ಪಟ್ಟಿ ಅಂಟಿಸಿ, ಕಿಟಕಿಯಲ್ಲಿ ನಿಂತು ಅದನ್ನು ಕೂಗುತ್ತಿದ್ದರು ಕೂಡ. ಆ ಕೂಗು! ಸ್ಟಾಂಪು ತನ್ನಿ ಅಂತ ತೆಲುಗಿನಲ್ಲಿ, ಮೂಗಿನಿಂದ ಹೊರಟು, ಕೊನೆಯಲ್ಲಿ ಬಾವಿಗೆ ಹಗ್ಗ ಬಿಟ್ಟಂತೆ ಉದ್ದಕ್ಕೆ ಇಳಿಯುತ್ತಿತ್ತು. "ನಾಗಪ್ಪಾ... ಸ್ಟಾಂಪುಲೂ... ನಾಗಪ್ಪಾ... ಸ್ಟಾಂಪುಲೂ..." ಹೀಗೆ ಒಂದೊಂದು ಹೆಸರನ್ನೂ ಮೂರು ಸಲ.

ಮಿಮಿಕ್ರಿಯವನಿಗೆ ಇದಕ್ಕಿಂತ ಹಬ್ಬ ಉಂಟೇ? ಎರಡೇ ದಿನಕ್ಕೆ ದನಿ ಬಾಯಿಗೆ ಬಂತು. ಅತ್ತೆಗೆ ಓದಲು ಬರದು, ಅವಳಿಗೆ ಕಿವಿಯೇ ಬೋರ್ಡು. ಜಗಲಿಯ ಕಂಬಕ್ಕೆ ಒರಗಿ ಅವಳು ತೂಕಡಿಸುವಾಗ ಹಿಂದಿನಿಂದ "ಗಂಗಮ್ಮಾ... ಸ್ಟಾಂಪುಲೂ..." ಅಂತ ಎಳೆಯುತ್ತಿದ್ದೆ. ಪಾಪ, ಚೀಲ ಎತ್ತಿಕೊಂಡು ಕಿಟಕಿಗೆ ಓಡುತ್ತಿದ್ದಳು. ಮೂರು ಸಲ ಓಡಿಸಿದೆ. ಬಸ್ಸಿನಲ್ಲಿ ಕೂಗಿದೆ, ಅವಳು ಹುಳಕ್ಕೆ ಸೊಪ್ಪು ಹಾಕುವಾಗಲೂ ಕೂಗಿದೆ. "ನಿನ್ ಗಂಟ್ಲು ಬಿದ್ದೋಗ!" ಅನ್ನುವುದು, ನಗುವುದು. ಅವಳಿಗೂ ಅಷ್ಟಿಷ್ಟು ಖುಷಿಯೇ ಅಂದುಕೊಂಡಿದ್ದೆ.

ಅರ್ಜಿ ಹಾಕಿದ ಐದನೆಯ ದಿನ ನಾನು ಸೈಕಲ್ ಸ್ಟ್ಯಾಂಡಿನ ಹುಡುಗರ ಮುಂದೆ ವಕೀಲರ ಜಗಳ ಮಾಡಿ ತೋರಿಸುತ್ತಿದ್ದೆ. ಮೂರು ಗಂಟೆಯಾಯಿತು. ಕೂಗಿದರೆ ಅತ್ತೆ ಇದ್ದಾಳಲ್ಲ ಅಂತ ಬೋರ್ಡಿನ ಕಡೆ ಹೋಗಲಿಲ್ಲ. ವಾಪಸ್ ಬಂದಾಗ ಅತ್ತೆ ನನ್ನ ಕಿವಿ ಹಿಂಡಿ, "ಇನ್ನೊಂದ್ಸಲ ಕೂಗು, ಐತೆ ನಿಂಗೆ," ಅಂದಳು. ಬೆಳಿಗ್ಗೆ ಬಸ್ಸಿನಲ್ಲಿ ಕೂಗಿದ್ದಕ್ಕಿರಬೇಕು ಅಂದುಕೊಂಡು ನಕ್ಕೆ. ಮಾರನೆಯ ದಿನ ಹುಳ ಹಣ್ಣಾಯಿತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುವಾಗ ಮನೆ ಬಿಟ್ಟು ಹೋಗುವಂತಿಲ್ಲ. ನಾಲ್ಕು ದಿನ ಕೋರ್ಟಿನ ಕಡೆ ತಲೆ ಹಾಕಲಿಲ್ಲ.

ಅದಾದ ಮೇಲೆ ಹೋದರೆ ಗುಮಾಸ್ತರು ರಿಜಿಸ್ಟರು ತಿರುಗಿಸಿ ತೋರಿಸಿದರು. ಅತ್ತೆಯ ಹೆಸರಿನ ಮೇಲೆ ಕೆಂಪು ಗೆರೆ.

"ಕೂಗಲಿಲ್ಲವಲ್ಲ ಸಾಮಿ," ಅಂದಳು ಅತ್ತೆ.

"ಮೂರು ಸಲ ಕೂಗಿದೆನಮ್ಮ. ನೀವು ತಿರುಗಿಯೂ ನೋಡಲಿಲ್ಲ. 'ಸಾಕು ಬಾಯಿ ಮುಚ್ಕಳ್ಲಾ' ಅಂತ ನನಗೇ ಬೈದ್ರಿ. ಜಗಲಿಯೆಲ್ಲ ನಕ್ಕಿತು."

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಹೋಗಿ ಅದೇ ಕಂಬಕ್ಕೆ ಒರಗಿ ಕೂತಳು. ನಾನು ಪಕ್ಕದಲ್ಲಿ ಕೂತೆ. "ಅಮಾಸೆಗೆ ಇನ್ನೆಷ್ಟು ದಿನ ಮಂಜ?" ಅಂದಳು.

"ಒಂಬತ್ತು."

"ಊರಿಗೆ ಹೋಗಾನ ನಡಿ. ಹುಳದ ತಟ್ಟೆಗಳನ್ನ ಯಾರಿಗಾರ ಕೊಟ್ಬುಡ್ತೀನಿ. ಸಾವಿತ್ರಿ ಮನೇಲಿ ಇದ್ಬುಡ್ತೀನಿ."

ಹುಳ ಕಡಿಮೆಯಾದರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದ ಹೆಂಗಸು ಅವಳು. ಸಾವಿರಾರು ಹುಳ ಸೊಪ್ಪು ತಿನ್ನುವ ಸರಸರ ಸದ್ದು ಕೇಳಿಕೊಂಡೇ ಮಲಗುವವಳು. ನನಗೆ ಎಲ್ಲ ಸದ್ದೂ ಮಾಡಲು ಬರುತ್ತಿತ್ತು, ಆ ಸದ್ದೊಂದನ್ನು ಬಿಟ್ಟು.

ಎದ್ದು ಕಿಟಕಿಗೆ ಹೋದೆ. ಎಲ್ಲ ಒಪ್ಪಿಕೊಂಡೆ. "ಸಾರ್, ಆ ದಿನ ಅವರು ಬೈದದ್ದು ನಿಮಗಲ್ಲ, ನನಗೆ. ನಿಮ್ಮ ದನಿ ನಾನು ಮಾಡುತ್ತಿದ್ದೆ."

ಗುಮಾಸ್ತರು ಕನ್ನಡಕ ತೆಗೆದರು. "ಓ, ಆ ಆರ್ಟಿಸ್ಟು ನುವ್ವೇನಾ, ನೀನೇನಾ? ಎಲ್ಲಿ, ಮಾಡು."

"ಬೇಡ ಸಾರ್."

"ಚೇಯ್ ಬಾಬು, ಮಾಡು. ಅರ್ಜಿ ಹೊಡೆದುಹಾಕಿರೋ ದನಿ ಹೆಂಗಿದೆ, ನಾನೂ ಕೇಳ್ತೀನಿ."

ಕಿಟಕಿಯ ಸರಳು ಹಿಡಿದು "ಗಂಗಮ್ಮಾ... ಸ್ಟಾಂಪುಲೂ..." ಅಂದೆ. ಒಳಗೆ ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ಒಬ್ಬರು ಕಿಸಕ್ಕೆಂದರು. ಗುಮಾಸ್ತರು ಮಾತ್ರ ಅಪರೂಪಕ್ಕೆ ಕನ್ನಡಿ ಕಂಡವರಂತೆ ಕೂತಿದ್ದರು.

"ಇಷ್ಟು ಎಳೀತೀನಾ ನಾನು?" ಅಂದರು. ಆಮೇಲೆ ಹೇಳಿದರು. "ಕೂಗಬೇಕು ಅಂತ ನಮಗೆ ರೂಲ್ಸ್ ಇಲ್ಲಪ್ಪ. ಬೋರ್ಡಿಗೆ ಹಾಕಿದರೆ ನಮ್ಮ ಕೆಲಸ ಮುಗೀತು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ಮುದುಕಪ್ಪ ಹತ್ತು ದಿನ ಬೋರ್ಡಿನ ಕೆಳಗೇ ಕೂತಿದ್ದ. ಅವನ ಹೆಸರು ಅವನ ತಲೆ ಮೇಲೇ ಇತ್ತು. ಓದೋಕೆ ಬರ್ತಿರಲಿಲ್ಲ, ಕೇಳೋಕೆ ನಾಚಿಕೆ. ಅರ್ಜಿ ಹೋಯಿತು. ಆವತ್ತಿಂದ ಕೂಗ್ತೀನಿ. ಆ ಬೋರಿಂಗ್ ಹತ್ತಿರ ನೀರು ಕುಡಿಯೋಕೆ ಹೋದವರಿಗೂ ಕೇಳಲಿ ಅಂತ ಎಳೀತೀನಿ."

ಇಷ್ಟು ದಿನ ಆ ಎಳೆತವನ್ನು ನಾನು ಚಟ ಅಂದುಕೊಂಡಿದ್ದೆ. ಅದು ಅವರು ತಾವಾಗಿಯೇ ಹೊತ್ತುಕೊಂಡಿದ್ದ ಕೆಲಸ. ದನಿಯನ್ನು ಎತ್ತಿಕೊಂಡೆ, ಅದು ಯಾಕೆ ಹಾಗಿದೆ ಅಂತ ಕೇಳಲಿಲ್ಲ. ಈಗಲೂ ಯಾರನ್ನಾದರೂ ಅಣಕಿಸುತ್ತೇನೆ, ಬಿಟ್ಟಿಲ್ಲ, ಬಿಡಲು ಬರುವುದೂ ಇಲ್ಲ. ಆದರೆ ಒಂದು ಕ್ಷಣ ಈ ಪ್ರಶ್ನೆ ಬಂದು ಗಂಟಲಲ್ಲಿ ಕೂರುತ್ತದೆ. ಕೆಲವು ದನಿಗಳು ಆಮೇಲೆ ಹೊರಗೆ ಬರುವುದೇ ಇಲ್ಲ.

"ತುರ್ತು ಅಂತ ಬರೆದು ಹೊಸ ಅರ್ಜಿ ಹಾಕು," ಅಂದರು ಗುಮಾಸ್ತರು. "ಕಡತ ಹೇಗೂ ಹೊರಗೇ ಇದೆ. ಅತ್ತೆ ಪಕ್ಕದಲ್ಲಿ ಕೂತ್ಕೋ. ಬಾಯಿ ಮುಚ್ಕೊಂಡು."

ಹಾಗೇ ಮಾಡಿದೆ. ಎರಡನೆಯ ದಿನ ಮೂರು ಗಂಟೆಗೆ ಪಟ್ಟಿ ಅಂಟಿಸಿದರು. ನಾನು ಓದಿಕೊಂಡು ಬಂದೆ, ಅತ್ತೆಗೆ ಹೇಳಲಿಲ್ಲ. ನಾನು ಹೇಳಿದರೆ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕಿಟಕಿಯಿಂದ ಕೂಗು ಬಂತು, "ಗಂಗಮ್ಮಾ... ಸ್ಟಾಂಪುಲೂ..." ಅತ್ತೆ ನನ್ನ ಬಾಯಿಯನ್ನೇ ನೋಡಿದಳು. ಮುಚ್ಚಿತ್ತು. ಎರಡನೆಯ ಸಲ ಕೂಗಿದಾಗಲೂ ನೋಡಿದಳು, ತುಟಿ ಅಲ್ಲಾಡುತ್ತದೋ ಅಂತ. ಮೂರನೆಯ ಕೂಗಿಗೆ ಚೀಲ ಎತ್ತಿಕೊಂಡು ಎದ್ದಳು. ಆ ದಿನ ಬಾಯಿ ಮುಚ್ಚಿಕೊಂಡು ಕೂತದ್ದೇ ನನ್ನ ಜೀವನದ ಕಷ್ಟದ ಐಟಂ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಡಿಕ್ರಿಯ ನಕಲು ಕೈಗೆ ಬಂತು. ಪುಟಪುಟಕ್ಕೂ ದುಂಡನೆ ಮುದ್ರೆ. ಕೊನೆಯಲ್ಲಿ ವಕೀಲರು ಅಳೆದು ಬರೆದ ನಕ್ಷೆ. ಹುಣಸೆ ಮರ, ಬಾವಿ, ನಡುವೆ ಎಂಟು ಅಡಿ ದಾರಿ. ಅತ್ತೆ ನಕ್ಷೆಯ ಮೇಲೆ ಬೆರಳಾಡಿಸಿ, "ಇಲ್ನೋಡು, ನಾನು ನಿಂತಿದ್ದ ಕಿಟಕಿ ಇಲ್ಲಿ ಬತ್ತದೆ," ಅಂದಳು. ಅಲ್ಲಿ ಬರೀ ಬಿಳಿ ಕಾಗದವಿತ್ತು.

ಸಂಜೆ ಅರಳಿಕಟ್ಟೆಯ ಮೇಲೆ ಹಿರಿಯರು ಕೂತರು. ತೀರ್ಪು ಇಂಗ್ಲಿಷಿನಲ್ಲಿತ್ತು. ಅಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಎಚ್ಚರದಿಂದ, ಯಾರ ದನಿಯೂ ಬರದ ಹಾಗೆ. ಅದೇ ಮೊದಲ ಸಲ ನಾಲ್ಕು ಜನರ ಮುಂದೆ ನನ್ನ ದನಿಯಲ್ಲೇ ಮಾತಾಡಿದ್ದು. ಅದು ತೆಳ್ಳಗಿತ್ತು.

ತಿಪ್ಪಣ್ಣ ಬಿಡಲಿಲ್ಲ. "ಏನ್ರಪ್ಪ, ಇವ್ನು ಗಣಪತಿ ಹಬ್ಬಕ್ಕೆ ಇಲ್ಲಿಗೆ ಬಂದು ಕುಣಿದು ಎಲ್ಲರ ದನಿ ಮಾಡೋ ಮಿಮಿಕ್ರಿ ಮಂಜ ಅಲ್ವಾ? ಇವತ್ತು ಜಡ್ಜಿ ದನಿ ಮಾಡ್ಬುಟ್ಟ. ಇವ್ನು ಓದಿದ್ದನ್ನ ನಂಬ್ಕಂಡು ನಾನು ಗೋಡೆ ಬಿಡಬೇಕಾ?"

ನಾಲ್ಕೈದು ಜನ ನಕ್ಕರು. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಇಷ್ಟು ವರ್ಷ ಎಲ್ಲರನ್ನೂ ನಗಿಸಿದ್ದಕ್ಕೆ, ಬೇಕಾದ ಒಂದು ದಿನ ನನ್ನ ಮಾತಿಗೆ ಬೆಲೆ ಇರಲಿಲ್ಲ. ಅತ್ತೆಯ ದಾರಿ ಎರಡನೆಯ ಸಲವೂ ನನ್ನ ಗಂಟಲಿನಿಂದಲೇ ಹೋಗುತ್ತದೆ ಅನ್ನಿಸಿತು.

ಮಾರನೆಯ ದಿನ ಹಿರಿಯರು ಹಗ್ಗ ಹಿಡಿದು ನಕ್ಷೆಯಂತೆ ಅಳೆದದ್ದು, ತಿಪ್ಪಣ್ಣ ಕಲ್ಲು ತೆಗೆಸಿದ್ದು, ಅತ್ತೆ ಅದೇ ದಾರಿಯಲ್ಲಿ ಈಗಲೂ ಸೊಪ್ಪು ಹೊರುವುದು, ಎಲ್ಲ ಆಮೇಲಿನದು. ಆ ಸಂಜೆ ಕಟ್ಟೆಯ ಮೇಲೆ ಮಾತು ಮುಗಿದದ್ದು ಅತ್ತೆಯಿಂದ. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನಕ್ಷೆಯ ಪುಟ ಮೇಲೆ ಮಾಡಿ ಹಿರಿಯರ ಮುಂದೆ ಇಟ್ಟಳು. ಸೆರಗು ಸರಿಮಾಡಿಕೊಂಡು ತಿಪ್ಪಣ್ಣನ ಕಡೆ ತಿರುಗಿ ಹೇಳಿದಳು:

"ಅವ್ನು ದನಿ ಕದೀತಾನೆ ಕಣಪ್ಪ, ದಾರಿ ಕದಿಯಲ್ಲ."