ವಿಮಾನದ ಬಾಯಿಗೆ ಚಂದನ

ನಾನು ಹಸಿರು ಸೂರಿನ ಕೆಳಗೆ ಬೆಳೆದವಳು. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ತಲೆಯ ಮೇಲಿನ ತಂತಿ ಚಪ್ಪರಕ್ಕೆ ಹಬ್ಬಿತ್ತು. ಅದರಡಿ ಅಂಗಾತ ಮಲಗಿದರೆ ಆಕಾಶ ಚೂರುಚೂರಾಗಿ ಕಾಣುತ್ತಿತ್ತು. ಈ ಸೂರು ಮೇಲಿನಿಂದ ಹೇಗಿರುತ್ತದೋ ನೋಡಬೇಕೆಂಬ ಆಸೆ ಆಗಲೇ ಹುಟ್ಟಿದ್ದು. ಕಾಲ ಕೂಡಿಬಂದದ್ದು ಮಾತ್ರ ನಲವತ್ತೊಂಬತ್ತನೇ ವಯಸ್ಸಿಗೆ, ಬೋಡಿ ಪೇಟೆಯಲ್ಲಿ ಏಲಕ್ಕಿ ವ್ಯಾಪಾರ ಮಾಡಿ ಮಾಡಿ ಬೆರಳಿಗೆಲ್ಲ ಅದರ ವಾಸನೆ ಹಿಡಿದ ಮೇಲೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ವಿಮಾನ ಹಾರಿಸಲು ಕಲಿಯುವ ಇದೇನು ಹುಚ್ಚು ಎಂದು ನೆಂಟರು ನಕ್ಕರು. ನಕ್ಕವರಿಗೆ ನಾನು ಈಗಲೂ ಒಳ್ಳೆಯ ಏಲಕ್ಕಿ ಕೊಡುವುದಿಲ್ಲ.

ಬತ್ತಲಗುಂಡಿನಿಂದ ಸ್ವಲ್ಪ ದೂರದಲ್ಲಿ, ಕೊಡೈಕಾನಲ್ ಬೆಟ್ಟದ ಬುಡಕ್ಕೆ, ತೆಂಗಿನ ತೋಟಗಳ ನಡುವೆ ಒಂದು ಖಾಸಗಿ ರನ್‌ವೇ. ಇಬ್ಬಿಬ್ಬರು ಕೂರುವ ಮೂರು ಪುಟ್ಟ ವಿಮಾನ, ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ. ಕಲಿಸುವವರು ನಿವೃತ್ತ ಪೈಲಟ್; ಅವರನ್ನು ನಾವು ವಾದ್ಯಾರ್ ಎನ್ನುತ್ತೇವೆ, ಅಂದರೆ ಮೇಷ್ಟ್ರು. ನನ್ನ ಜೊತೆ ಕಲಿಯುವವರು ಇಬ್ಬರು. ಒಬ್ಬ ದಿಂಡಿಗಲ್‌ನ ದಂತವೈದ್ಯ, ಇನ್ನೊಬ್ಬ ಕೊಡೈಕಾನಲ್‌ನಲ್ಲಿ ಹೋಟೆಲು ನಡೆಸುವವನು. ಬೇವಿನ ಮರದ್ದು ಒಂದು ಕಟ್ಟಳೆ: ಇಳಿದು ಬಂದವರು ಅದರಡಿ ನಿಂತು ಅಂದು ತಾವು ಮಾಡಿದ ತಪ್ಪನ್ನು ಎಲ್ಲರೆದುರು ಹೇಳಬೇಕು. ಹೇಳುವ ತನಕ ಮುಂದಿನವರು ಹತ್ತುವಂತಿಲ್ಲ. ಹೇಳಿದವರಿಗೆ ಫ್ಲಾಸ್ಕಿನ ಮೊದಲ ಲೋಟ ಟೀ. ಮೋಡದ ನೆರಳನ್ನು ಕೆರೆಯೆಂದು ತಿಳಿದು ದಾರಿ ತಪ್ಪಿದ್ದನ್ನು ಹೇಳಿ ದಂತವೈದ್ಯ ಒಮ್ಮೆ ಎರಡು ಲೋಟ ಗಿಟ್ಟಿಸಿಕೊಂಡಿದ್ದ.

ನನ್ನ ಜೊತೆಗೇ ಇರುವ ಅವ್ವನಿಗೆ ಈ ಹಾರಾಟ ಸುತರಾಂ ಇಷ್ಟವಿರಲಿಲ್ಲ. ಕೊನೆಗೊಂದು ಶರತ್ತು ಹಾಕಿ ಒಪ್ಪಿದಳು. “ಒಂದ್ಸಲ ಭಯ ಬಿದ್ದೆ ಅಂದ್ರೂ ಅವತ್ತೇ ಬುಟ್ಟುಬುಡಬೇಕು. ಸತ್ಯ ಮಾಡು ನನ್ ಕಣ್ಣೇ,” ಎಂದು ಅಂಗೈ ಚಾಚಿದಳು. ನಾನು ಅಂಗೈ ಮೇಲೆ ಕೈ ಇಟ್ಟೆ.

ನಾನು ಮೊದಲ ಸಲ ಒಬ್ಬಳೇ ಹಾರಬೇಕಾದ ದಿನ ಆಯುಧಪೂಜೆ. ಅವ್ವ ಚಂದನದ ಬಟ್ಟಲು ಹಿಡಿದು ಬೆಳಿಗ್ಗೆಯೇ ನನ್ನ ಜೊತೆ ಹೊರಟಳು. ನಮ್ಮ ಮನೆತನದಲ್ಲಿ ಆ ದಿನ ಪ್ರತಿ ಉಪಕರಣದ ಬಾಯಿಗೆ ಬೊಟ್ಟಿಡಬೇಕು. ಪಂಪಿನ ಬಾಯಿ, ಔಷಧ ಹೊಡೆಯುವ ಮಷೀನಿನ ಮೂತಿ, ಕತ್ತರಿಯ ಬಾಯಿ. ಬಾಯಿಗೆ ಚಂದನ ಬಿದ್ದರೆ ಅದು ಮನೆಯವರನ್ನು ಕಚ್ಚುವುದಿಲ್ಲ ಎಂಬುದು ನಂಬಿಕೆ. ನಾನು ವಿಮಾನದ ಸುತ್ತ ನಡೆದು ನೋಡಬೇಕಾದದ್ದನ್ನೆಲ್ಲ ನೋಡಿ, ಹೆಡ್‌ಸೆಟ್ ತರಲು ಶೆಡ್ಡಿಗೆ ಹೋದೆ. ಬರುವಷ್ಟರಲ್ಲಿ ಅವ್ವ ಮೂರೂ ವಿಮಾನಗಳಿಗೆ ಪೂಜೆ ಮುಗಿಸಿದ್ದಳು. ಮತ್ತೊಮ್ಮೆ ಸುತ್ತು ಬಂದು ನೋಡಬೇಕಿತ್ತು. ಖುಷಿಯಲ್ಲಿ ಹತ್ತಿ ಕುಳಿತುಬಿಟ್ಟೆ.

ವಿಮಾನ ರನ್‌ವೇ ಮೇಲೆ ಓಡುವಾಗ ಗಾಜಿನೊಳಗಿನ ವೇಗದ ಮುಳ್ಳನ್ನು ನೋಡಬೇಕು. ನಾನು ಕೈ ಬೀಸುತ್ತಿದ್ದ ಅವ್ವನನ್ನು ನೋಡಿದೆ. ನೆಲ ತಾನಾಗಿ ಕೆಳಗೆ ಸರಿಯಿತು. ಪಕ್ಕದ ಸೀಟು ಖಾಲಿ, ವಾದ್ಯಾರರ ಗೊಣಗಾಟವಿಲ್ಲ. ತೆಂಗಿನ ಗರಿಗಳು ಬಿಸಿಲಿನಲ್ಲಿ ನಿಧಾನ ತಿರುಗಿದವು, ಕೊಡೈ ಘಾಟಿಯ ರಸ್ತೆ ಬಿಚ್ಚಿದ ಜಡೆಯಂತೆ ಬೆಟ್ಟದ ಮೇಲೆ ಬಿದ್ದಿತ್ತು. ನೈಋತ್ಯಕ್ಕೆ ನಮ್ಮ ಕಣಿವೆಯಿರುವ ಕಡೆ ಬರೀ ನೀಲಿ ಮಬ್ಬು. ಇದು ನಿಜವೋ ಕನಸೋ ತಿಳಿಯದೆ ಕ್ಷಣಕಾಲ ಉಸಿರಾಡುವುದನ್ನೇ ಮರೆತೆ. ಆಮೇಲೆ ಮುಳ್ಳಿನ ಕಡೆ ನೋಡಿದರೆ ಅದು ಸೊನ್ನೆಯಲ್ಲೇ ನಿಂತಿತ್ತು.

ರೆಕ್ಕೆಯ ಕೆಳಗೆ ಬೆರಳುದ್ದದ ಒಂದು ನಳಿಕೆಯಿದೆ. ಎದುರುಗಾಳಿ ಅದರೊಳಗೆ ನುಗ್ಗಿದರೆ ಮಾತ್ರ ಮುಳ್ಳು ಏಳುವುದು. ಕಿಟಕಿಯಿಂದ ಬಗ್ಗಿ ನೋಡಿದೆ. ನಳಿಕೆಯ ತುದಿಯಲ್ಲಿ ದುಂಡಗೆ, ಹಳದಿಯಾಗಿ, ಅವ್ವನ ಬೆರಳಿನ ಗುರುತು. ವಿಮಾನದ ಬಾಯಿಯನ್ನು ಅವಳು ಹುಡುಕಿ ಕಂಡುಹಿಡಿದಿದ್ದಳು.

ನನಗೆ ಭಯವಾಯಿತು. ವೇಗ ತಿಳಿಯದೆ ಇಳಿಯುವಾಗ ಸ್ವಲ್ಪ ನಿಧಾನವಾದರೂ ರೆಕ್ಕೆ ಕೈಬಿಡುತ್ತದೆ, ವಿಮಾನ ಬೀಳುತ್ತದೆ. ಆದರೆ ವಾದ್ಯಾರ್ ಎಷ್ಟೋ ಸಲ ಆ ಗಾಜಿನ ಮೇಲೆ ಕರವಸ್ತ್ರ ಹೊದಿಸಿ, ಕಿವಿಯಲ್ಲಿ ಹಾರಿಸು ಎಂದದ್ದಿತ್ತು. ಎಂಜಿನ್ನಿನ ಸದ್ದು, ಗಾಳಿಯ ಸುಯ್ಯೆನ್ನುವಿಕೆ, ಮೂತಿ ದಿಗಂತಕ್ಕಿಂತ ಎಷ್ಟು ಕೆಳಗಿದೆ ಎಂಬುದು, ಇಷ್ಟನ್ನೇ ನಂಬಿ ಇಳಿದೆ. ಎರಡು ಸಲ ಪುಟಿದು ಚಕ್ರ ನೆಲ ಹಿಡಿಯಿತು.

ಬೇವಿನ ಮರದಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಪೊಂಗಲ್ ಡಬ್ಬಿ ಬಿಚ್ಚುತ್ತಿದ್ದಳು. ದಂತವೈದ್ಯ ಮುಂದಿನ ಸರದಿಗೆ ಬೆಲ್ಟು ಸರಿಮಾಡಿಕೊಳ್ಳುತ್ತಿದ್ದ. ಅವನ ವಿಮಾನದ ನಳಿಕೆಯಲ್ಲೂ ಅದೇ ಹಳದಿ. ಸುಮ್ಮನೆ ಹೋಗಿ ಒರೆಸಿಬಿಡಲೇ ಎಂದುಕೊಂಡೆ. ಆದರೆ ನಳಿಕೆಯೊಳಗೆ ಸೇರಿ ಒಣಗಿದ ಚಂದನ ಒರೆಸಿದರೆ ಬರುವುದಿಲ್ಲ, ಮೆಕ್ಯಾನಿಕ್ ಬಿಚ್ಚಲೇಬೇಕು. ಹೇಳಿದರೆ ಅವ್ವನಿಗೆ ತನ್ನ ಕೈಯಿಂದಲೇ ಮಗಳು ಸಾಯಬಹುದಿತ್ತೆಂದು ತಿಳಿಯುತ್ತದೆ. ನಾನು ಮಾಡಿದ ಸತ್ಯವೂ ಇದೆ. ಇವತ್ತೇ ನನ್ನ ಹಾರಾಟ ಮುಗಿಯುತ್ತದೆ. ಅಳು ಬಂತು. ಆದರೆ ದಂತವೈದ್ಯನಿಗೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರಲ್ಲ.

ಮನೆಯ ಕನ್ನಡದಲ್ಲಲ್ಲ, ಎಲ್ಲರಿಗೂ ತಿಳಿಯುವ ತಮಿಳಿನಲ್ಲೇ ಹೇಳಿದೆ. ನಳಿಕೆ ಮುಚ್ಚಿತ್ತು, ಮತ್ತೊಮ್ಮೆ ನೋಡದೆ ಹತ್ತಿದ್ದು ನನ್ನ ತಪ್ಪು, ಓಡುವಾಗ ಮುಳ್ಳು ನೋಡದಿದ್ದದ್ದೂ ನನ್ನದೇ. ಯಾರು ಮುಚ್ಚಿದ್ದೆಂದು ಹೇಳಲಿಲ್ಲ. ಎಲ್ಲರ ಕಣ್ಣು ಅವ್ವನ ಚಂದನದ ಬಟ್ಟಲಿನ ಕಡೆ ಹೋಯಿತು. ದಂತವೈದ್ಯ ಬೆಲ್ಟು ಬಿಚ್ಚಿದ.

ಅವ್ವ ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಅದು ಬಾಯಲ್ವಾ?”

“ಮೂಗು ಅವ್ವ. ಅದ್ರಾಗೇ ಗಾಳಿ ತಗಳ್ತದೆ.”

“ಭಯ ಬಿದ್ದೆಯಾ?”

“ಬಿದ್ದೆ.”

ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಎಷ್ಟು ಹೊತ್ತು ಒರೆಸಿಕೊಂಡಳೆಂದರೆ ನಾನೇ ಅವಳ ಕೈ ಹಿಡಿಯಬೇಕಾಯಿತು. ಆಮೇಲೆ ಬೇವಿನ ಮರದಡಿ ಹೋಗಿ ನಿಂತು, ತನ್ನ ಮೆಲುದನಿಯಲ್ಲೇ, ಮೂರೂ ವಿಮಾನದ ಮೂಗು ಮುಚ್ಚಿದವಳು ತಾನೇ ಎಂದಳು. ವಾದ್ಯಾರ್ ಫ್ಲಾಸ್ಕಿನ ಮೊದಲ ಲೋಟ ಬಗ್ಗಿಸಿ ಅವಳ ಕೈಗೆ ಕೊಟ್ಟರು.

ವಾಪಸು ಬರುವಾಗ ಕಾರಿನಲ್ಲಿ, ದೇವದಾನಪಟ್ಟಿ ದಾಟಿದ ಮೇಲೆ ನಾನೇ ಕೇಳಿದೆ, ಇನ್ನು ಬಿಟ್ಟುಬಿಡಬೇಕಾ ಎಂದು. ಅವ್ವ ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದಳು.

“ತಪ್ಪು ಮಾಡ್ದೋಳು ನಾನು. ನೀ ಯಾಕ್ ಬುಡಬೇಕು,” ಎಂದಳು.

ಈಗ ನಾನು ಹಾರುವ ದಿನಗಳಲ್ಲಿ ಅವ್ವನೂ ಬರುತ್ತಾಳೆ. ನಾನು ಸುತ್ತು ಬಂದು ಎಲ್ಲ ನೋಡಿದ ಮೇಲೆ ಅವಳೊಂದು ಸುತ್ತು ಬರುತ್ತಾಳೆ. ರೆಕ್ಕೆಯ ಕೆಳಗೆ ಸೊಂಟ ಹಿಡಿದುಕೊಂಡು ಬಗ್ಗುತ್ತಾಳೆ, ಒಂದು ಕಣ್ಣು ಮುಚ್ಚಿ ನಳಿಕೆಯೊಳಗೆ ಇಣುಕುತ್ತಾಳೆ, ಮುಟ್ಟುವುದಿಲ್ಲ. ದಂತವೈದ್ಯನೂ ಹೋಟೆಲಿನವನೂ ಅವಳು ನೋಡಿ ಮುಗಿಸುವ ತನಕ ಹತ್ತುವುದಿಲ್ಲ. ಕಡೆಗೆ ನೆಟ್ಟಗೆ ನಿಂತು, ಹುಟ್ಟಿದ ಕೂಸನ್ನು ನೋಡಿ ಹೇಳುವ ಹಾಗೆ ಹೇಳುತ್ತಾಳೆ:

“ಉಸ್ರಾಡ್ತೈತೆ. ಹೋಗ್ಬುಟ್ಟು ಬಾ.”