ಶ್ರೀಲಂಕೆಗೆ ಜೋಡಿ ಸೀಟು

ನಮ್ಮ ದೊಡ್ಡಪ್ಪ ಮುದಕಪ್ಪ ಬಸ್ಸು ಓಡಿಸುವಾಗ ಪಕ್ಕಕ್ಕೆ ತಿರುಗಿದ್ದನ್ನು ಶಿರಹಟ್ಟಿಯಲ್ಲಿ ಒಬ್ಬರೂ ಕಂಡಿಲ್ಲ. ಸರಕಾರಿ ಬಸ್ಸಿನ ಡ್ರೈವರಾಗಿ ಅರ್ಧ ಆಯುಷ್ಯವನ್ನು ಮುಂಡರಗಿ ರೂಟಿನಲ್ಲೇ ಕಳೆದ. ಅವನಿಗೆ ಕಂಡರಾಗದವರೆಂದರೆ ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವ ಮಂದಿ. ಬಸ್ಸು ನಿಲ್ಲಿಸಿದವನೇ ಎದ್ದುಬಂದು, ಸೀಟಿನ ಮೇಲಿನ ಟಾವೆಲ್‌ಗಳನ್ನೆಲ್ಲ ಎತ್ತಿ ಹೊರಗೆ ಒಗೆಯುತ್ತಿದ್ದ. ಮೊದಲು ಹತ್ತಿದವರಿಗೆ ಸೀಟು, ಅದು ಅವನ ಕಾನೂನು. ಅದರಲ್ಲಿ ಹೆಂಡತಿಗೂ ರಿಯಾಯಿತಿ ಇರಲಿಲ್ಲ.

ಹೆಂಡತಿ ಸಿದ್ದಲಿಂಗವ್ವ, ನನ್ನ ದೊಡ್ಡವ್ವ, ಮುಂಡರಗಿಯವಳು. ತವರಿಗೆ ಹೋಗುವಾಗಲೆಲ್ಲ ಗಂಡನ ಬಸ್ಸನ್ನೇ ಹತ್ತುತ್ತಿದ್ದಳು. ಡ್ರೈವರ್ ಹಿಂದಿನ ಸೀಟು ಸಿಕ್ಕರೆ ಕೂರುವುದು, ಇಲ್ಲದಿದ್ದರೆ ಕಂಬಿ ಹಿಡಿದು ನಿಲ್ಲುವುದು. ಅವನ ತಲೆಯ ಮೇಲೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂದು ಬರೆದಿತ್ತು. ಊರು ಬರುವ ತನಕ ಅವಳು ಪಾಪ, ತುಟಿ ಪಿಟ್ ಎನ್ನುತ್ತಿರಲಿಲ್ಲ. ಇಳಿಯುವಾಗ ಬರುತ್ತೇನೆಂದರೆ ಇವನು ಕನ್ನಡಿಯಲ್ಲೇ ತಲೆಯಾಡಿಸುತ್ತಿದ್ದ. ಅದೆಂಥ ಸಂಸಾರವೋ, ನೋಡಿ ನನಗಂತೂ ಸಿಟ್ಟು ಬರುತ್ತಿತ್ತು.

ಅಂಥವನು ನಿವೃತ್ತನಾದ ಮೇಲೆ ಶ್ರೀಲಂಕಾ ಪ್ರವಾಸದ ಹುಚ್ಚು ಹಚ್ಚಿಕೊಂಡ. ಅವನ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಬುಡ್ಡೇಸಾಬ ಅಲ್ಲಿಗೆ ಹೋಗಿಬಂದಿದ್ದ. ಸಮುದ್ರದ ದಂಡೆಗುಂಟ ರಸ್ತೆ, ಕಣ್ಣು ಹಾಯಿಸಿದಲ್ಲೆಲ್ಲ ತೆಂಗು, ಗುಡ್ಡದ ಮೇಲೆ ಚಹಾದ ತೋಟ ಎಂದು ಅವನು ಹೇಳಿದ್ದೇ ಸಾಕಾಯಿತು. ಸಮುದ್ರವನ್ನೇ ಕಾಣದ ದೊಡ್ಡವ್ವನೂ ಅರಳಿದಳು. ಪಾಸ್‌ಪೋರ್ಟ್ ಬಂತು, ಶೇಂಗಾ ಚಟ್ನಿ ಕುಟ್ಟಿದ್ದಾಯಿತು, ಡಬ್ಬಿಗೆ ಕಡಕ್ ರೊಟ್ಟಿ ತುಂಬಿದ್ದಾಯಿತು. ಅಲ್ಲಿನ ಮಳೆ ಬಿಸಿಲನ್ನು ಮೊಬೈಲಿನಲ್ಲಿ ನೋಡಿ ಹೇಳುವ ಕೆಲಸ ನನ್ನದು. ಕೇಳಿ ಕೇಳಿ ಇಬ್ಬರೂ ನನ್ನ ತಲೆ ತಿಂದರು.

ಆಮೇಲೆ ದೊಡ್ಡಪ್ಪ ಗದಗಿನ ಟ್ರಾವೆಲ್ಸ್ ಆಫೀಸಿಗೆ ಹೋಗಿ, ಶ್ರೀಲಂಕೆಯಲ್ಲಿ ಊರೂರು ತಿರುಗಿಸುವ ಬಸ್ಸಿನ ಸೀಟು ಹೇಳಿಬಂದ. ಇವನಿಗೆ ಡ್ರೈವರ್ ಪಕ್ಕದ ಒಂಟಿ ಸೀಟು, ದಾರಿ ನೋಡಬೇಕಲ್ಲ! ದೊಡ್ಡವ್ವನಿಗೆ ಹಿಂದೆ, ಹೆಣ್ಣುಮಕ್ಕಳ ಜೊತೆ. ಇದನ್ನು ಮಹಾ ಕೆಲಸ ಮಾಡಿದವನಂತೆ ಜಂಬದಿಂದ ಹೇಳಿದ. ದೊಡ್ಡವ್ವ ರೊಟ್ಟಿ ಡಬ್ಬಿಯ ಮುಚ್ಚಳ ಹಾಕಿ, ತಾನು ಬರುವುದಿಲ್ಲ ಎಂದಳು.

ಅವನು ಅದನ್ನು ವಿಮಾನದ ಅಂಜಿಕೆ ಎಂದುಕೊಂಡ. ವಿಮಾನ ಬಸ್ಸಿಗಿಂತ ಮೆತ್ತಗೆ ಹೋಗುತ್ತದೆಂದು, ಬೆಳಗಿನ ಲಿಂಗಪೂಜೆಗೂ ಅಡ್ಡಿಯಿಲ್ಲವೆಂದು ರಮಿಸಿದ. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮರುದಿನ ಆಫೀಸಿಗೆ ಹೋಗಿ ಹೆಸರು ಖಾತ್ರಿ ಮಾಡಬೇಕಿತ್ತು. ಅವಳಿಲ್ಲದೆ ತಾನೂ ಹೋಗುವುದಿಲ್ಲವೆಂದು ಅವನೂ ಮುಖ ಊದಿಸಿಕೊಂಡು ಕುಳಿತ. ನನಗೆ ತಡೆಯಲಾಗಲಿಲ್ಲ. ಏನಾಗಿದೆಯೆಂದು ಬಾಯಿಬಿಟ್ಟು ಹೇಳು ಎಂದು ದೊಡ್ಡವ್ವನನ್ನೇ ಗದರಿದೆ.

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಕೇಳಿದವಳು ನಾನಾದರೂ ಹೇಳಿದ್ದು ಅವನಿಗೆ.

"ಮದುವ್ಯಾದಾಗಿಂದ ನಿಮ್ಮ ಬೆನ್ನ ನೋಡಿಕೊಂತನ ತಿರುಗ್ಯಾಡೇನ್ರಿ. ಸಮುದ್ರ ದಾಟಿ ಹೋಗಿನೂ ಅದನ್ನ ನೋಡ್ಲೇನು?"

ದೊಡ್ಡಪ್ಪ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದ. ದೊಡ್ಡವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹೋಗುವುದೋ ಬಿಡುವುದೋ, ಆಫೀಸಿಗೆ ಏನಾದರೊಂದು ಹೇಳಲೇಬೇಕಿತ್ತು. ಮರುದಿನ ಮೂವರೂ ಶಿರಹಟ್ಟಿ ಬಸ್‌ಸ್ಟ್ಯಾಂಡಿಗೆ ಹೋದೆವು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಗದಗಿನ ಬಸ್ಸಿಗೆ ಯಾವಾಗಲೂ ನೂಕುನುಗ್ಗಲು. ಬಸ್ಸು ಒಳಗೆ ತಿರುಗಿತೋ ಇಲ್ಲವೋ, ಪಕ್ಕದಲ್ಲಿದ್ದ ದೊಡ್ಡಪ್ಪ ಮಾಯ. ನೋಡಿದರೆ ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು ಬಸ್ಸಿನ ಜೊತೆಗೇ ಓಡುತ್ತಿದ್ದಾನೆ! ಹೆಗಲ ಮೇಲಿನ ಟಾವೆಲ್ ಎಳೆದು, ಕಿಟಕಿಯೊಳಗೆ ಕೈ ತೂರಿಸಿ, ಇಬ್ಬರು ಕೂರುವ ಸೀಟಿನ ಮೇಲೆ ಹಾಸಿಬಿಟ್ಟ.

ಆ ಬಸ್ಸಿನ ಡ್ರೈವರ್ ವೀರು ಇವನ ಕೈಯಲ್ಲೇ ಪಳಗಿದವನು. ಯಾರದಲೇ ಇದು ಎಂದು ಟಾವೆಲ್ ಎತ್ತಿ ಒಗೆಯಲು ಬಂದವನು ಗುರುವಿನ ಮುಖ ಕಂಡು ಬೆಪ್ಪಾದ.

"ನಂದೈತೋ. ನಮ್ಮ ಮನಿಯಾಕಿ ಬರಾಕತ್ತಾಳ, ಇರ್ಲಿ ಬಿಡು," ಎಂದ ದೊಡ್ಡಪ್ಪ, ಏದುಸಿರು ಬಿಡುತ್ತ.

ದೊಡ್ಡವ್ವ ಕಿಟಕಿಗೆ ಕುಳಿತಳು, ಅವನು ಅವಳ ಪಕ್ಕಕ್ಕೆ. ಮುಂದೆ ಅದೇ ಬೋರ್ಡು ಇತ್ತು. ಅದನ್ನೊಮ್ಮೆ ನೋಡಿ ದೊಡ್ಡವ್ವ ಮಾತು ಶುರುಮಾಡಿದಳು. ಸಮುದ್ರದ ನೀರು ಖರೇನೇ ಉಪ್ಪೇ, ಅಲ್ಲಿ ಯಾವ ಸೀರೆ ಉಡಬೇಕು, ರೊಟ್ಟಿ ತಂಪಿಗೆ ಮೆತ್ತಗಾದರೆ ಏನು ಮಾಡುವುದು. ಅವನು ಪ್ರತಿಯೊಂದಕ್ಕೂ ಅವಳ ಕಡೆ ತಿರುಗಿ ಉತ್ತರ ಹೇಳುತ್ತಿದ್ದ. ಗದಗಿನ ತನಕ ಕಂಬಿ ಹಿಡಿದು ನಿಂತವಳು ನಾನು. ಕಾಲು ಸೋತರೂ ಒಳಗೊಳಗೇ ಖುಷಿಯಾಗಿತ್ತು.

ದೊಡ್ಡಪ್ಪ ಜೋಡಿ ಸೀಟು ಕೇಳಿದಾಗ ಆಫೀಸಿನ ಹುಡುಗಿ ಕಂಪ್ಯೂಟರ್ ನೋಡಿ, ಅವೆಲ್ಲ ಹೋಗಿವೆ, ಬಸ್ಸಿನ ಕಟ್ಟಕಡೆಯದೊಂದೇ ಉಳಿದಿದೆ ಎಂದಳು. ಅಲ್ಲಿ ಬಸ್ಸು ಎತ್ತಿ ಕುಕ್ಕುತ್ತದೆ, ಮುಂದಿನ ದಾರಿಯೂ ಕಾಣುವುದಿಲ್ಲ ಎಂದು ಎಚ್ಚರಿಸಿದಳು.

ದೊಡ್ಡಪ್ಪ ಹೆಂಡತಿಯ ಮುಖ ನೋಡಿದ.

"ಇಷ್ಟು ವರ್ಷ ದಾರೀನ ನೋಡೇನಿ," ಎಂದ. "ಅದನ್ನ ಕೊಡವಾ."